ಹತ್ತು ಹಲ್ಲಿಗೊಂದು ಕೊಸರು

ಈರಣ್ಣನ ಮುಂದಿನ ಹಲ್ಲು ಹೋದದ್ದು ಕೊಬ್ಬರಿಯ ತಪ್ಪಿನಿಂದಲ್ಲ, ಚೌಕಾಸಿಯ ತಪ್ಪಿನಿಂದ.

ಹಾಲ್ಕುರಿಕೆ ಹತ್ತಿರದ ರೈತನೊಬ್ಬನ ಅಟ್ಟದ ಕೆಳಗೆ ನಿಂತು, "ನಿನ್ ಕೊಬ್ರಿ ಇನ್ನೂ ಹಸಿ ಕಣಯ್ಯ, ಜಗ್ತದೆ, ಹಲ್ಲಿಗೆ ಅಂಟ್ಕತದೆ" ಎಂದು ಅರ್ಧ ಗಂಟೆ ವಾದಿಸಿದ ಮೇಲೆ, ಸಾಕ್ಷಿಗೆಂದು ಒಂದು ಕೊಬ್ಬರಿ ಗಿಟುಕನ್ನು ತಾನೇ ಕಚ್ಚಿ ತೋರಿಸಿದ. ಕೊಬ್ಬರಿ ಹಲ್ಲಿಗೆ ಅಂಟಲಿಲ್ಲ, ಹಲ್ಲೇ ಕೊಬ್ಬರಿಗೆ ಅಂಟಿಕೊಂಡು ಆಚೆ ಬಂತು. ರೈತ ಆ ಗಿಟುಕನ್ನು ಹಲ್ಲಿನ ಸಮೇತ ಎತ್ತಿ ಹಿಡಿದು, "ನೋಡ್ರಪ್ಪೋ ನನ್ ಮಾಲಿನ ಗಟ್ಟಿತನವ!" ಎಂದು ಸುತ್ತ ನಿಂತವರಿಗೆಲ್ಲ ತೋರಿಸಿ, ಕ್ವಿಂಟಾಲಿಗೆ ಐನೂರು ಏರಿಸಿಬಿಟ್ಟ.

ಹೋದರೆ ಹೋಯಿತು, ಐವತ್ತೆಂಟರ ವಯಸ್ಸಿಗೆ ಯಾರ ಬಾಯಲ್ಲಿ ಎಲ್ಲ ಹಲ್ಲೂ ಇರುತ್ತವೆ? ಆದರೆ ಈರಣ್ಣನಿಗೆ ಬಾಯಿಯೇ ಬಂಡವಾಳ. ಊರಲ್ಲಿ ಯಾರೇ ಎತ್ತು ತರಲಿ, ಟಿಲ್ಲರ್ ತರಲಿ, ತಾಳಿಗೆ ಚಿನ್ನ ತರಲಿ, ಪಕ್ಕದಲ್ಲಿ ಈರಣ್ಣ ಇರಬೇಕು. ಅವನು ಕೇಳಿದ ರೇಟಿಗೆ ಅಂಗಡಿಯವನು ಮೊದಲು ನಗುತ್ತಿದ್ದ, ಆಮೇಲೆ ಬೈಯುತ್ತಿದ್ದ, ಕೊನೆಗೆ ಕಟ್ಟಿ ಕೊಡುತ್ತಿದ್ದ. ಇದಕ್ಕೆ ಈರಣ್ಣ ತೆಗೆದುಕೊಳ್ಳುತ್ತಿದ್ದದ್ದು ಒಂದು ಮಸಾಲೆ ದೋಸೆ, ಮತ್ತೆ "ಈರಣ್ಣ ಇಲ್ದಿದ್ರೆ ಆಗ್ತಿರ್ನಿಲ್ಲ" ಅನ್ನುವ ಒಂದು ಮಾತು. ದೋಸೆ ಇಲ್ಲದೆಯೂ ಅವನು ಬದುಕುತ್ತಿದ್ದ, ಆ ಮಾತಿಲ್ಲದೆ ಬದುಕುತ್ತಿರಲಿಲ್ಲ.

ಹಲ್ಲು ಹೋದ ಮೇಲೆ "ಸಾವಿರ" ಅಂದಾಗಲೆಲ್ಲ ಸಂದಿಯಿಂದ ಸಿಳ್ಳೆ ಬರತೊಡಗಿತು. ಸಾವಿರ ಅನ್ನದೆ ಚೌಕಾಸಿ ಮಾಡುವುದು ಹೇಗೆ? ಹೋದ ವಾರ ಮೋಟಾರು ಅಂಗಡಿಯವನು ಮೊದಲು ನಕ್ಕ, ಆಮೇಲೂ ನಕ್ಕ, ಬೈಯುವ ಘಟ್ಟಕ್ಕೆ ಬರಲೇ ಇಲ್ಲ. ಹೇಳಿದ ರೇಟಿಗೇ ಮೋಟಾರು ಊರಿಗೆ ಬಂತು. ಅದಕ್ಕಿಂತ ಮುಂಚೆ ಸುದ್ದಿ ಬಂದಿತ್ತು.

ಅಷ್ಟರಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿ ತಿಮ್ಮರಾಜುವಿನ ಮಗಳು ನಯನಳ ಮದುವೆ ಕೂಡಿಬಂತು. ತಿಮ್ಮರಾಜು ಮದುವೆಯ ಜವಳಿಗೆಂದು ಶುಕ್ರವಾರ ತಿಪಟೂರಿಗೆ ಹೋಗುವವನಿದ್ದ. ಇಂಥದಕ್ಕೆಲ್ಲ ಈರಣ್ಣನಿಗೆ ವಾರ ಮೊದಲೇ ಹೇಳುವುದು ಊರಿನ ಪದ್ಧತಿ. ಬುಧವಾರವಾದರೂ ಕರೆ ಬರಲಿಲ್ಲ. ಬೆಳಿಗ್ಗೆ ಹಾಲು ಹಾಕಲು ಹೋದವನು ತಾನೇ ಬಾಯಿಬಿಟ್ಟು ಕೇಳಿದ.

"ಶುಕ್ರವಾರ ಎಷ್ಟೊತ್ಗೆ ಹೊರಡಾಣ್ಲಾ, ತಿಮ್ಮರಾಜು?"

ತಿಮ್ಮರಾಜು ಹಾಲಿನ ಕ್ಯಾನಿನಿಂದ ತಲೆ ಎತ್ತದೆ, "ನೋಡಾಣ ಬುಡಣ್ಣ" ಅಂದ.

ಮೂವತ್ತು ವರ್ಷದಲ್ಲಿ ಈರಣ್ಣನಿಗೆ ಯಾರೂ ನೋಡಾಣ ಅಂದಿರಲಿಲ್ಲ. ಎಂಟೂವರೆ ಬಸ್ಸಿಗೇ ತಿಪಟೂರಿಗೆ ಹೊರಟ.

ಹಲ್ಲಿನ ಡಾಕ್ಟರು ಪವಿತ್ರಾ ತುರುವೇಕೆರೆ ಕಡೆಯ ಹೆಣ್ಣುಮಗಳು. ಬಾಯಿ ನೋಡಿ, ದವಡೆಯ ಮೂಳೆಗೆ ಸಣ್ಣ ಸ್ಕ್ರೂ ಕೂರಿಸುತ್ತೇವೆ, ಅದು ಮೂಳೆಯೊಳಗೆ ಕಚ್ಚಿಕೊಳ್ಳಲು ಮೂರು ತಿಂಗಳು ಬೇಕು, ಆಮೇಲೆ ಅದರ ಮೇಲೊಂದು ಗಟ್ಟಿ ಹಲ್ಲು ಎಂದು ಸಮಾಧಾನವಾಗಿ ತಿಳಿಸಿ ಹೇಳಿದಳು. "ಇಂಪ್ಲಾಂಟ್ ಅಂತಾರೆ ಯಜಮಾನ್ರೇ. ಬುಕ್ ಮಾಡಿದ್ರೆ ಅಲ್ಲೀವರೆಗೂ ಕಾಣೋಕೆ ಒಂದು ಹಲ್ಲು ಇವತ್ತೇ ಅಂಟಿಸಿ ಕಳಿಸ್ತೀನಿ. ಇಪ್ಪತ್ತೈದು ಸಾವಿರ ಆಗುತ್ತೆ."

"ಇಪ್ಪತ್ತೈದಾ!" ಈರಣ್ಣ ಕುರ್ಚಿಯಲ್ಲಿ ಮಲಗಿದ್ದವನು ಎದ್ದು ಕೂತ. "ಅಷ್ಟಕ್ಕೆ ಒಂದ್ ಕಡಸು ಬತ್ತದೆ ಕಣವ್ವ, ಬಾಯಲ್ಲಿ ಹಲ್ಲಿನ ಸಮೇತ!"

"ಹಾಗಾದ್ರೆ ಹಾಕಿ ತೆಗೆಯೋ ಹಲ್ಲು ಮಾಡಿಸ್ಕೊಳ್ಳಿ. ಕಡಿಮೇಲಾಗುತ್ತೆ."

"ನಾನು ಜೋರಾಗಿ ರೇಟು ಕೂಗ್ದಾಗ ಅದು ಹಾರಿ ಅಂಗಡಿಯವನ ತೊಡೆ ಮ್ಯಾಲೆ ಕುಂತ್ರೆ? ಬ್ಯಾಡ. ಹದ್ನೈದು ಮಾಡ್ಕಳಿ."

"ಇದೇನು ತೆಂಗಿನಕಾಯಾ?"

"ತೆಂಗಿನಕಾಯಿಗಾದ್ರೆ ನಾವು ನೂರಕ್ಕೆ ನಾಕು ಬಿಟ್ಟಿ ಕೊಸರು ಹಾಕ್ತೀವಿ ನಮ್ಮವ್ವ. ನೀವು ಹತ್ತು ಹಲ್ಲಿಗೆ ಒಂದು ಕೊಸರು ಹಾಕಾಕಿಲ್ವಾ?"

ಪವಿತ್ರಾಗೆ ನಗು ತಡೆಯಲಾಗಲಿಲ್ಲ. ಅವಳ ಅಪ್ಪನೂ ಕಾಯಿ ಎಣಿಸಿಯೇ ಅವಳನ್ನು ಓದಿಸಿದ್ದು. "ಆಯ್ತು. ಸ್ಕ್ರೂ ಕಂಪನಿಯೋರು ನನಗೂ ಹತ್ತರ ಪೆಟ್ಟಿಗೆಗೆ ಒಂದು ಜಾಸ್ತಿ ಕೊಡ್ತಾರೆ. ಅವರ ಏಜೆಂಟು ಇವತ್ತು ಸಂಜೆ ಆರು ಗಂಟೆಗೆ ಬರ್ತಾನೆ. ಅಷ್ಟರೊಳಗೆ ಹತ್ತು ಹಲ್ಲು ಹಾಕಿಸ್ಕೊಳ್ಳೋರನ್ನ ಕರ್ಕೊಂಡು ಬಂದು, ಹಲ್ಲಿಗೆ ಐದು ಸಾವಿರ ಅಡ್ವಾನ್ಸ್ ಕಟ್ಟಿಸಿ. ಎಲ್ಲರಿಗೂ ಎರಡೆರಡು ಸಾವಿರ ಬಿಡ್ತೀನಿ. ಹನ್ನೊಂದನೇ ಹಲ್ಲು ನಿಮಗೆ ಕೊಸರು."

ಕೊಸರು ಅನ್ನುವಾಗಲೇ ಈರಣ್ಣ ಬಾಗಿಲ ಹೊರಗಿದ್ದ.

ಊರಿಗೆ ಬಂದವನೇ ಅವನು ಹೋದದ್ದು ಭೂತಮ್ಮಜ್ಜಿಯ ಜಗುಲಿಗೆ. ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಈರಣ್ಣನ ಕಣ್ಣಿಗೆ ಅದು ಮೂವತ್ತೆರಡು ಸಸಿ ಕೂರುವ ಬಯಲು ಜಮೀನಿನಂತೆ ಕಂಡಿತು.

"ಹಲ್ಲು ಹಾಕಿಸ್ಕ ಅಜ್ಜಿ. ನಿಪ್ಪಟ್ಟು ಕಡೀಬೌದು."

ಅಜ್ಜಿ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಹೇಳಿದಳು: "ಹಲ್ಲಿದ್ದಾಗ ರೊಟ್ಟಿ ಗಟ್ಟಿ ಅಂತ ಸೊಸೆ ಕೂಡೆ ದಿನಾ ಜಗಳ ಕಣಪ್ಪ. ಈಗ ಮುದ್ದೆ ನುಂಗ್ತೀನಿ, ಮನೆ ತಣ್ಣಗೈತೆ. ದ್ಯಾವ್ರು ಬಿಟ್ಟಿ ಕೊಟ್ಟಿದ್ದ, ವಾಪಸ್ ತಗಂಡ. ನೀನ್ಯಾಕೆ ನಡುವೆ ಬತ್ತೀಯ?"

ಬಯಲು ಜಮೀನು ಹೋಯಿತು. ಬಿಡಿ ಬಿಡಿಯಾಗಿ ಕೂಡಿಸದೆ ದಾರಿಯಿರಲಿಲ್ಲ. ಎರಡು ಸಾವಿರ ಕಡಿಮೆ ಎಂಬುದನ್ನು ಈರಣ್ಣ ಊರಿಗೆಲ್ಲ ಸಾರಿದ. ಹನ್ನೊಂದನೆಯ ಹಲ್ಲಿನ ವಿಚಾರ ಮಾತ್ರ ಬಾಯಿಗೆ ಬರಲಿಲ್ಲ.

ನಿವೃತ್ತ ಮೇಷ್ಟ್ರು ಶಂಭುಲಿಂಗಯ್ಯನವರಿಗೆ ಮೂರು ಹಲ್ಲು ಬೇಕಿತ್ತು, ಅದಕ್ಕೆ ಮುಂಚೆ ಮೂವತ್ತು ಪ್ರಶ್ನೆಗೆ ಉತ್ತರ ಬೇಕಿತ್ತು. "ಮೂಳೆಗೆ ಕೊರೆದು ಕೂರಿಸ್ತಾರೆ ಅಂತೀಯ. ನಮ್ಮ ತೋಟದಲ್ಲಿ ಎಂಟುನೂರು ಅಡಿ ಕೊರೆಸಿದೆ ಕಣಯ್ಯ, ಒಂದು ಹನಿ ನೀರು ಬರ್ಲಿಲ್ಲ."

"ಇಲ್ಲಿ ನೀರು ಬಂದ್ರೇ ತಪ್ಪು ಮೇಷ್ಟ್ರೇ, ಬನ್ನಿ."

ತೆಂಗಿನ ಮರ ಹತ್ತುವ ಮಾರಯ್ಯನಿಗೆ ಗರಿಯ ಬುಡ ಬಡಿದು ಒಂದು ಹಲ್ಲು ಹೋಗಿತ್ತು. ಈ ಕಾಲದಲ್ಲಿ ತೋಟದ ಯಜಮಾನನಿಗಿಂತ ಮರ ಹತ್ತುವವನ ಜೇಬೇ ಭಾರ. ಸ್ವಂತ ಗೂಡ್ಸ್ ಆಟೋ ಬೇರೆ ಇಟ್ಟಿದ್ದ. ಹಲ್ಲಿನ ಜೊತೆ ಆಟೋವನ್ನೂ ಕೊಡುತ್ತೇನೆಂದ. ತಿಮ್ಮರಾಜುವಿಗೆ ಎರಡು. "ಮದ್ವೆ ಫೋಟೋದಲ್ಲಿ ಬೀಗರ ಪಕ್ಕ ಬಾಯಿ ಮುಚ್ಕಂಡ್ ನಿಂತ್ಕತೀಯೇನ್ಲಾ?" ಎಂದು ಈರಣ್ಣ ಕೇಳಿದ್ದೇ ತಡ, ಅವನು ಡೈರಿಗೆ ಬೀಗ ಹಾಕಿದ.

"ಶುಕ್ರವಾರದ್ದು?" ಅಂದ ಈರಣ್ಣ, ಮೆಲ್ಲಗೆ.

"ಇವತ್ತು ಡಾಕ್ಟರ ತಾವ ನೀನು ಮಾತಾಡಾದು ನೋಡ್ತೀನಲ್ಲಣ್ಣ, ಆಮ್ಯಾಕೆ ಜವಳಿ ಮಾತು" ಎಂದ ತಿಮ್ಮರಾಜು. ಪರೀಕ್ಷೆಗೆ ಕೂರಿಸಿದ ಹಾಗಾಯಿತು.

ಪಕ್ಕದ ಮನೆಯ ಚಿಕ್ಕಗಂಗಮ್ಮನದು ನಾಲ್ಕು ಹಲ್ಲು. ಅಲ್ಲಿಗೆ ಹತ್ತು! ಈರಣ್ಣ ಬೆರಳು ಮಡಿಸಿ ಎರಡೆರಡು ಸಲ ಎಣಿಸಿದ. ನಾಲ್ಕೂವರೆಗೆ ಎಲ್ಲರೂ ಮಾರಯ್ಯನ ಆಟೋ ಹಿಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದಾಯಿತು. ಗಾಡಿ ಹೊರಡಬೇಕು, ಚಿಕ್ಕಗಂಗಮ್ಮನ ಫೋನು ಹೊಡೆದುಕೊಂಡಿತು. ಹಾಸನದಿಂದ ಅವಳ ಮಗಳು.

"ಹೌದಾ? ಹಂಗಾ? ಹದ್ನೆಂಟಾ?" ಅನ್ನುತ್ತಲೇ ಅವಳು ಸೆರಗು ಸಿಕ್ಕಿಸಿಕೊಂಡು ಗಾಡಿ ಇಳಿದಳು. "ಹಾಸನದಲ್ಲಿ ಇನ್ನೂ ಕಮ್ಮಿ ಅಂತೆ ಕಣಣ್ಣ. ಹಬ್ಬಕ್ಕೆ ಹೋದಾಗ ಅಲ್ಲೇ ಹಾಕಿಸ್ಕತೀನಿ."

"ಅವ್ವಾ ತಾಯಿ, ನಾಕು ಹಲ್ಲು ತಗಂಡು ಇಳೀಬ್ಯಾಡ ಕಣವ್ವ!" ಎಂದು ಈರಣ್ಣ ಹಿಂದೆಯೇ ಓಡಿದ. ಅವಳು ಗೇಟು ಹಾಕಿಕೊಂಡಳು.

ಆರಕ್ಕೆ ಏಜೆಂಟು. ಇದ್ದದ್ದು ಆರು ಹಲ್ಲು. ಈರಣ್ಣ ತನ್ನ ಮನೆಯ ಅಂಗಳಕ್ಕೆ ನುಗ್ಗಿದ. ಹೆಂಡತಿ ಚಿಕ್ಕಗೌರಮ್ಮ ದನಕ್ಕೆ ಹಿಂಡಿ ಕಲಸುತ್ತಿದ್ದಳು.

"ಕೈ ತೊಳ್ಕಂಡು ಬಾರೇ, ತಿಪಟೂರಿಗೆ. ನಿಂಗೂ ನಾಕು ಹಲ್ಲು ಹಾಕಿಸ್ಬೇಕು ಅಂತೀನಿ, ಸುಮ್ನೆ ಹೂಂ ಅನ್ನು. ಲೆಕ್ಕಕ್ಕೆ ಅಷ್ಟೇ. ನಾಕು ದಿನ ಬುಟ್ಟು ಮನಸು ಬದಲಾಯ್ತು ಅಂತ ಫೋನ್ ಮಾಡಿದ್ರಾಯ್ತು."

"ಅಡ್ವಾನ್ಸು?"

"ಕಟ್ಟೋದು. ಆಮ್ಯಾಕೆ ಈಸ್ಕಳದು."

ಚಿಕ್ಕಗೌರಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. ಸೀರೆ ಬದಲಾಯಿಸಿ ಬಂದು ಗಾಡಿ ಹತ್ತಿದಳು.

ಆರಕ್ಕೆ ಹತ್ತು ನಿಮಿಷವಿದ್ದಾಗ ಇಡೀ ದಂಡು ಆಸ್ಪತ್ರೆಯಲ್ಲಿತ್ತು. ಏಜೆಂಟು ಆಗಲೇ ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ಬೆಳಗಿನ ತಮಾಷೆ ಗೂಡ್ಸ್ ಆಟೋದಲ್ಲಿ ಬಂದಿಳಿದದ್ದು ಕಂಡು ಪವಿತ್ರಾ ಕಣ್ಣರಳಿಸಿದಳು.

"ಮೇಷ್ಟ್ರಿಗೆ ಮೂರು, ತಿಮ್ಮರಾಜುಗೆ ಎರಡು, ಮಾರಯ್ಯಂಗೆ ಒಂದು" ಎಂದು ಈರಣ್ಣ ತೆಂಗಿನ ಮಂಡಿಯಲ್ಲಿ ಕಾಯಿ ಎಣಿಸುವ ಹಾಗೆ ಎಣಿಸಿದ. "ನಮ್ಮನೆಯವ್ಳಿಗೆ ನಾಕು. ಹತ್ತಾಯ್ತು. ಇನ್ನ ಕೊಸರು..."

ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆದು ನೋಡಿದಳು. ಚಿಕ್ಕಗೌರಮ್ಮ ಒಳಗೆ ಹೋದವಳು ಕಾಲು ಗಂಟೆಯಾದರೂ ಬರಲಿಲ್ಲ. ಸುಳ್ಳು ಗೊತ್ತಾಗಿಬಿಡುತ್ತದಲ್ಲ ಎಂದು ಈರಣ್ಣ ಬೆವೆತ. ಇರುವ ಹಲ್ಲಿನ ಮೇಲೆ ಹಲ್ಲು ಕೂರಿಸಲು ಹೊರಟವನು ತಾನೊಬ್ಬನೇ ಇರಬೇಕು.

ಪವಿತ್ರಾ ಹೊರಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ.

"ನಾಲ್ಕಲ್ಲ ಯಜಮಾನ್ರೇ. ಐದು."

"ಏನು ಐದು?"

"ಅಗಿಯೋ ಹಲ್ಲು ಐದು ಇಲ್ಲ ಇವರಿಗೆ. ಎಡಗಡೆ ಮೂರು, ಬಲಗಡೆ ಎರಡು. ಇಷ್ಟು ವರ್ಷ ಹೆಂಗೆ ಊಟ ಮಾಡಿದಾರೋ ಗೊತ್ತಿಲ್ಲ."

ಈರಣ್ಣ ಹೆಂಡತಿಯ ಕಡೆ ತಿರುಗಿದ. "ಒಂದಿನಾನೂ ಹೇಳ್ಲಿಲ್ವಲ್ಲೇ!"

"ನೀವು ಕೇಳಿದ್ರಾ?" ಅಂದಳು ಚಿಕ್ಕಗೌರಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಯಿ ಅಲ್ಲಾಡಿಸಿ ನೋಡ್ತೀರ. ಎತ್ತಿನ ಬಾಯಿ ಬಿಡಿಸಿ ನೋಡ್ತೀರ. ಹೆಂಡ್ತಿ ಬಾಯಿ ಯಾರು ನೋಡ್ತಾರೆ?"

ಮಾರಯ್ಯ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಮೇಷ್ಟ್ರು ಕನ್ನಡಕ ಒರೆಸಿದರು. ಈರಣ್ಣನಿಗೆ ತನ್ನ ತಟ್ಟೆಯಲ್ಲಿ ಕೋಡುಬಳೆ ಕರುಮ್ ಅನ್ನುವಾಗ ಹೆಂಡತಿಯ ತಟ್ಟೆಯಲ್ಲಿ ಅದು ಮಜ್ಜಿಗೆಯಲ್ಲಿ ನೆನೆಯುತ್ತಿದ್ದದ್ದು ಈಗ ಕಣ್ಣಿಗೆ ಕಟ್ಟಿತು. ಅವಳಿಗೆ ಹಾಗೇ ಇಷ್ಟ ಅಂದುಕೊಂಡಿದ್ದ.

"ಬರ್ಕಳಿ ಡಾಕ್ಟ್ರೇ. ಐದೂ ಬರ್ಕಳಿ. ಲೆಕ್ಕಕ್ಕಲ್ಲ, ನಿಜವಾಗ್ಲೂ."

ಏಜೆಂಟು ಬರೆದುಕೊಂಡ. ಆರು, ಐದು, ಒಟ್ಟು ಹನ್ನೊಂದು. ಪವಿತ್ರಾ ಪುಸ್ತಕ ನೋಡಿ, "ಹನ್ನೊಂದನೇದು ಅಮ್ಮನಿಗೇ ಬಂತಲ್ಲ! ಕೊಸರು ಅವರದ್ದು" ಎಂದಳು.

"ನಂದು?"

"ನಿಮ್ಮದು ಹನ್ನೆರಡನೇದು ಯಜಮಾನ್ರೇ. ಈ ಪೆಟ್ಟಿಗೆ ಮುಗೀತು. ಇನ್ನೂ ಹತ್ತು ಹಲ್ಲು ಹುಡುಕ್ಕೊಂಡು ಬನ್ನಿ, ಮುಂದಿನ ಕೊಸರು ಗ್ಯಾರಂಟಿ ನಿಮಗೇ."

ಈರಣ್ಣ ಬಾಯಿ ತೆರೆದ. ಇದೇ ಸಮಯ, ತಿಮ್ಮರಾಜು ನೋಡುತ್ತಿದ್ದಾನೆ, ಮೂವತ್ತು ವರ್ಷದ ವಿದ್ಯೆಯೆಲ್ಲ ಹೊರತೆಗೆಯಬೇಕು. "ಅಲ್ಲಾ ಡಾಕ್ಟ್ರೇ, ಇಪ್ಪತ್ಮೂರು ಸಾವಿರ..." ಅನ್ನುವಷ್ಟರಲ್ಲಿ ಉದ್ದನೆಯ ಸಿಳ್ಳೆ ಹೊರಟಿತು. ಏಜೆಂಟು ಪುಸ್ತಕದಿಂದ ಮುಖ ಮುಚ್ಚಿಕೊಂಡ.

ಚಿಕ್ಕಗೌರಮ್ಮ ಮಾತ್ರ ನಗಲಿಲ್ಲ. "ಒಂದ್ ಹಲ್ಲಿಗೆ ಇಪ್ಪತ್ಮೂರು ಸಾವಿರವಾ?" ಎಂದಳು. ಅವಳಿಗೆ ರೇಟು ಗೊತ್ತಾದದ್ದೇ ಆಗ. ಸೆರಗು ಹೊದ್ದು ಎದ್ದು ನಿಂತಳು. "ಬುಡವ್ವ. ಮಜ್ಜಿಗೇಲಿ ನೆನೆಸ್ಕಂಡು ತಿಂದ್ರೆ ಏನೂ ಬೇನೆಯಿಲ್ಲ. ನೀನು ಚೆನ್ನಾಗಿ ನೋಡ್ದೆ, ಅದೇ ಸಾಕು." ಡಾಕ್ಟರಿಗೆ ಕೈ ಮುಗಿದು, ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ನಡೆದಳು. ಅದರಲ್ಲಿ ನಾಟಕವಿರಲಿಲ್ಲ. ಅವಳು ನಿಜವಾಗಿಯೂ ಹಸು ಕರೆಯಲು ಹೊರಟಿದ್ದಳು.

ಅವಳು ಹೋದರೆ ಉಳಿಯುವುದು ಆರು ಹಲ್ಲು. ಆರಕ್ಕೆ ರಿಯಾಯಿತಿ ಎಲ್ಲಿಯದು? ಮಾರಯ್ಯ ಎದ್ದ. ಮೇಷ್ಟ್ರು ಕೊಡೆ ತೆಗೆದುಕೊಂಡು ಎದ್ದರು. ತಿಮ್ಮರಾಜುವೂ ಎದ್ದ.

ಏಜೆಂಟನ ನಗು ನಿಂತುಹೋಯಿತು. "ಮೇಡಂ, ಪೆಟ್ಟಿಗೆ ಬರೆದಾಗಿದೆ" ಎಂದು ಡಾಕ್ಟರ ಕಿವಿಯಲ್ಲಿ ಏನೋ ಗುಸುಗುಸು ಅಂದ. ಅವಳು ತಲೆಯಾಡಿಸಿದಳು.

"ಅಮ್ಮಾ, ಬನ್ನಿ ಒಳಗೆ. ಎಲ್ಲರಿಗೂ ಹದಿನೇಳು ಮಾಡ್ಕೊಡ್ತೀನಿ."

ಹೊಸಿಲ ಮೇಲೆ ಒಂದು ಕಾಲಿಟ್ಟಿದ್ದ ಚಿಕ್ಕಗೌರಮ್ಮ ಅರ್ಥವಾಗದೆ ತಿರುಗಿ ನೋಡಿದಳು. ಎದ್ದವರೆಲ್ಲ ಮತ್ತೆ ಕೂತರು. ಈರಣ್ಣ ಇಡೀ ಆಯುಸ್ಸಿನಲ್ಲಿ, ಬಾಯಿ ತುಂಬ ಹಲ್ಲಿದ್ದಾಗಲೂ, ಒಂದೇ ಏಟಿಗೆ ಆರು ಸಾವಿರ ಇಳಿಸಿದವನಲ್ಲ.

ಹೆಂಡತಿಯ ನಾಲ್ಕು ಹಲ್ಲಿನ ಅಡ್ವಾನ್ಸನ್ನು ಅವನು ಫೋನಿನಲ್ಲೇ ಕಟ್ಟಿದ. ಕಟ್ಟಿದ ಮೇಲೆ ಫೋನಿನಲ್ಲಿ ಉಳಿದದ್ದು ಒಂದು ಸೇರು ಕಡಲೆಕಾಯಿಗೆ ಸಾಲುವಷ್ಟು. ಅವನ ಹಲ್ಲಿನ ಸಂದಿ ಹಾಗೇ ಉಳಿಯಿತು.

ಊರಿನ ದಾರಿ ಹಿಡಿದಾಗ ಸೂರ್ಯ ತೆಂಗಿನ ಸಾಲಿನ ಹಿಂದೆ ಇಳಿದಾಗಿತ್ತು. ತಿಮ್ಮರಾಜು ಏನೋ ತೂಗಿ ನೋಡುವವನಂತೆ ಎರಡು ಸಲ ಗಂಟಲು ಸರಿಮಾಡಿಕೊಂಡ. ಈರಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ.

"ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹೊರಡಾದು" ಎಂದ ತಿಮ್ಮರಾಜು. "ನಯನನ ಜವಳಿಗೆ ನೀವೇ ಬರ್ಬೇಕು, ಅತ್ಗೆ."

"ನಾನಾ?" ಚಿಕ್ಕಗೌರಮ್ಮ ಬೆಚ್ಚಿದಳು. "ಅಂಗ್ಡಿ ಒಳಗೆ ನಂಗೆ ಬಾಯೇ ಬರಾಕಿಲ್ಲ ಕಣಪ್ಪ."

"ಬಾಯಿ ಯಾತಕ್ಕತ್ಗೆ? ಅವ್ರು ರೇಟು ಹೇಳ್ದಾಗ ಎದ್ದು ನಿಂತ್ಕಳಿ, ಸಾಕು."

ಮೇಷ್ಟ್ರು ಹೌದೌದು ಎಂದರು. ಮುಂದಿನ ತಿಂಗಳು ತಮಗೂ ಒಂದು ಫ್ರಿಜ್ಜು ಕೊಳ್ಳುವುದಿದೆ ಎಂದು ಸೇರಿಸಿದರು.

ಈರಣ್ಣ ಕೆಮ್ಮಿದ. "ಮತ್ತೆ ನಾನ್ಲಾ, ತಿಮ್ಮರಾಜು?"

ತಿಮ್ಮರಾಜು ಅವನ ಭುಜದ ಮೇಲೆ ಪ್ರೀತಿಯಿಂದ ಕೈ ಹಾಕಿದ. "ನೀನಿಲ್ದೆ ಆಯ್ತದೇನಣ್ಣ? ಬಟ್ಟೆ ಗಂಟು ಹೊರಾಕೆ ಒಬ್ರು ಬೇಕಲ್ಲ."