ಮೂಕಿಚಿತ್ರದ ಬಿಳಿ ಕುದುರೆಯವರ ಸನ್ನಿಧಿಗೆ

ಮಾನ್ಯ ಬಿಳಿ ಕುದುರೆಯವರೇ,

ನೂರು ವರ್ಷದ ಹಿಂದಿನ ಅಮೆರಿಕದ ಮರಳುಗಾಡಿನಲ್ಲಿ ಇನ್ನೂ ದಣಿಯದೆ ಓಡುತ್ತಿರುವ ತಮ್ಮ ನಾಲ್ಕೂ ಪಾದಗಳಿಗೆ ಗಂಗೆಯ ಈ ದಡದಿಂದ ಸಾಷ್ಟಾಂಗ ನಮಸ್ಕಾರಗಳು. ನಾನು ಪದ್ಮನಾಭ, ಮೂವತ್ತೊಂದು ವರ್ಷಗಳಿಂದ ವಿಶ್ವನಾಥ ಗಲ್ಲಿಯಲ್ಲಿ ಕರ್ನಾಟಕದ ಯಾತ್ರಿಕರಿಗೆ ದಾರಿ ತೋರಿಸುತ್ತ, ಬರಿಯ ಬಾಯಿಯ ಬಲದಿಂದ ಮನೆ ಕಟ್ಟಿಕೊಂಡವನು. ತಮ್ಮ ಮೇಲೆ ನನ್ನದೊಂದು ಸಣ್ಣ ದೂರಿದೆ.

ಕಳೆದ ಭಾನುವಾರ ಇಲ್ಲಿನ ಕನ್ನಡಿಗರ ಮಠದ ಸಭಾಂಗಣದಲ್ಲಿ ತಮ್ಮ ಹಾಸ್ಯಚಿತ್ರವನ್ನು ತೋರಿಸಿದ್ದೇ ಒಂದು ರಾಜಿಯಿಂದ. ಹಿರಿಯರಿಗೆ ಕನ್ನಡ ಚಿತ್ರ ಬೇಕು, ಇಲ್ಲೇ ಹುಟ್ಟಿದ ಮಕ್ಕಳಿಗೆ ಹಿಂದಿ ಬೇಕು. ಮಾತೇ ಇಲ್ಲದ ಚಿತ್ರವಾದರೆ ಜಗಳವೂ ಇರದೆಂದು ಮಠದ ಗುರುಶಾಂತಯ್ಯನವರು ತೀರ್ಮಾನಿಸಿದರು. ಆದರೆ ಐವತ್ತು ಕನ್ನಡಿಗರು ಸೇರಿದ ಕಡೆ ಮೌನವೇ? ವಿವರಣೆಗೆ ನನ್ನನ್ನು ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಎಂಟು ವರ್ಷದ ಮೊಮ್ಮಗಳು ವಚನಾ ಇದ್ದಳೆಂದು ನಾನೂ ಒಪ್ಪಿದೆ. ಕನ್ನಡದಲ್ಲಿ ಏನೇ ಕೇಳಲಿ, "ಪತಾ ಹೈ, ಅಜ್ಜಾ" ಎಂದು, ಗೊತ್ತು ಎಂಬುದನ್ನೂ ಹಿಂದಿಯಲ್ಲೇ ಹೇಳಿ ಬಾಗಿಲು ಹಾಕುವವಳು ಅವಳು. ಆ ಬಾಯಿಂದ ಒಂದೇ ಒಂದು ಕನ್ನಡ ವಾಕ್ಯ ಕೇಳಿಯೇ ತೀರಬೇಕೆಂಬುದು ನನ್ನ ಹಟ.

ತಾವು ಸಹಕರಿಸಿದಿರಾ? ತಮ್ಮ ಯಜಮಾನರು ತಮ್ಮ ಬೆನ್ನಿಂದ ಬಿದ್ದದ್ದು ಹದಿನಾಲ್ಕು ಸಲ, ತಾವು ಅವರ ಟೋಪಿ ತಿಂದದ್ದು ಎರಡು ಸಲ, ನನ್ನ ವಿವರಣೆಗಾಗಿ ಕಾದದ್ದು ಒಂದು ಸಲವೂ ಇಲ್ಲ. ನಾನು "ಈಗ ಬೀಳ್ತಾನೆ" ಎನ್ನುವಷ್ಟರಲ್ಲಿ ಮಕ್ಕಳು ನಕ್ಕು ಮುಗಿಸಿರುತ್ತಿದ್ದರು. ಆ ಗಾಬರಿಯಲ್ಲಿ, ತಾವು ಹೊಳೆಯ ದಡದಲ್ಲಿ ನಿಂತದ್ದೇ ತಡ, "ಚೀಲ ಜೋಪಾನ, ಸಂಕಲ್ಪ ಮಾಡಿಸುವವರು ಈ ಕಡೆ ಬನ್ನಿ" ಎಂದು ವೃತ್ತಿಯ ಮಾತು ಜಾರಿತು. ಅಂದೇ ಯಾತ್ರೆಗೆ ಬಂದಿಳಿದಿದ್ದ ನೀಲಗಂಗಮ್ಮನವರು ಎದ್ದು ಬಂದು ಪರದೆಯ ಮುಂದೆ ಕೈಮುಗಿದು ನಿಂತು, "ಬಂದೀನ್ರೀ, ಮುಂದ?" ಎಂದರು. "ಕುಂದರ್ರಿ ಯವ್ವಾ, ಕುದ್ರಿ ಕಾಣವಲ್ದು!" ಎಂದು ಹಿಂದಿನಿಂದ ಕೂಗು. ಆ ನಗೆಯಲ್ಲಿ ನನ್ನ ಬಾಯಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮುಚ್ಚಿತು.

ಆಗಲೇ ಕಳ್ಳನೊಬ್ಬ ಹಗ್ಗ ಹಿಡಿದು ತಮ್ಮ ಬೆನ್ನ ಹಿಂದೆ ಬಂದದ್ದು. ತಾವು ಎಂದಿನ ಘನತೆಯಿಂದ ತೂಕಡಿಸುತ್ತಿದ್ದಿರಿ. ವಚನಾ ಜಮಖಾನದಿಂದ ಎದ್ದು ನಿಂತು, "ಏ ಕುದುರೆ, ಹಿಂದೆ ನೋಡೋ! ಕಳ್ಳ ಬಂದ!" ಎಂದು ಚೀರಿದಳು. ತಾವು ತಿರುಗಿ ನೋಡಿದಿರಿ. ಅಲ್ಲಿಗೆ ಮುಗಿಯಿತು. ಕುದುರೆಗಳಿಗೆ ತಿಳಿಯುವುದು ಕನ್ನಡವೇ ಎಂದು ಅವಳು ನಂಬಿಬಿಟ್ಟಿದ್ದಾಳೆ. ಆಚೆ ದಡದ ಮರಳಿನಲ್ಲಿ ಸವಾರಿಗೆ ನಿಂತ ಕುದುರೆಗಳ ಯೋಗಕ್ಷೇಮವನ್ನೆಲ್ಲ ಈಗ ಕನ್ನಡದಲ್ಲೇ ವಿಚಾರಿಸುತ್ತಾಳೆ. ನನಗೆ ಮಾತ್ರ ಅದೇ "ಪತಾ ಹೈ".

ಎಂಟು ವರ್ಷ ಮಾತಾಡಿ ನಾನು ಮಾಡಲಾಗದ್ದನ್ನು ತಾವು ಒಮ್ಮೆ ಕತ್ತು ತಿರುಗಿಸಿ ಮಾಡಿದಿರಿ. ಆದ್ದರಿಂದ ತಾವು ದಯಮಾಡಿ ಪರದೆಯಿಂದಿಳಿದು, ಸೋನಾರ್‌ಪುರದ ಇ-ರಿಕ್ಷಾಗಳ ನಡುವೆ ಹೇಗೋ ನುಸುಳಿ, ನಮ್ಮ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಊಟದ ಸಾಲಿನಲ್ಲಿ ಕೂರಬೇಕು. ಮೆಟ್ಟಿಲು ಕಡಿದಾಗಿದೆ, ಮನ್ನಿಸಬೇಕು. ಬರಲಾಗದಿದ್ದರೆ ಆ ಕತ್ತು ತಿರುಗಿಸುವ ವಿದ್ಯೆಯನ್ನಾದರೂ ಅಂಚೆಯಲ್ಲಿ ಕಳುಹಿಸಬೇಕು.

ತಮ್ಮೆದುರು ಬಾಯಿ ಸೋತರೂ ಪೆನ್ನು ಸೋಲದ, ತಮ್ಮ ವಿಶ್ವಾಸಿ,
ಪದ್ಮನಾಭ

ತಾ.ಕ.: ನಿನ್ನೆ ವಚನಾಳನ್ನು ಊಟಕ್ಕೆ ಕರೆಯಲು ಬೇರೆ ದಾರಿ ಕಾಣದೆ ನಾನೇ ಒಮ್ಮೆ ಕೆನೆದೆ. "ಕುದುರೆ ಹಂಗೆ ಕೂಗಲ್ಲ, ಅಜ್ಜಾ" ಎಂದಳು. ಆ ನಾಲ್ಕು ಪದಗಳು ನನ್ನ ಸ್ವಂತ ಗಂಟಲಿನ ಸಂಪಾದನೆ. ತಾವು ಅದರಲ್ಲಿ ಪಾಲು ಕೇಳಬಾರದು.