ಗೆದ್ದವರಿಗೆ ಎಂಥ ಸುಸ್ತು?

ನನ್ನ ಅತ್ತೆ ಕೊಳ್ಳಿದೆವ್ವವನ್ನು ನಂಬುತ್ತಾರೆ. ರೇಡಿಯೋದವರು ಹೇಳುವ ಮಳೆಯನ್ನು ನಂಬುತ್ತಾರೆ. ಕಳಸದ ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿರುವ ವೇಳಾಪಟ್ಟಿಯನ್ನೂ ನಂಬುತ್ತಾರೆ! ಅವರು ನಂಬದೇ ಇರುವುದು ಒಂದನ್ನೇ, ಸುಸ್ತು. ಅಂಥದ್ದೊಂದು ಇಲ್ಲವೇ ಇಲ್ಲ, ಕೆಲಸಗಳ್ಳರು ಕೂತು ಕಟ್ಟಿದ ಕತೆ ಎನ್ನುವುದು ಅವರ ಸಿದ್ಧಾಂತ. ಇಂಥವರು ಎಪ್ಪತ್ತರ ಹತ್ತಿರ ಬಂದು, ಕುಬ್ಜರು, ಬಿಲ್ಲುಗಾರರು, ರೆಕ್ಕೆಯ ಕುದುರೆಗಳ ಸೈನ್ಯ ಕಟ್ಟಿಕೊಂಡು ಅದೇ ಸುಸ್ತಿನ ಮೇಲೆ ಮೂರು ತಿಂಗಳು ಯುದ್ಧ ಮಾಡಿದರು ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಬಿಡಿ, ನಾನು ಅಲ್ಲಿಯೇ ಇದ್ದೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಅಲ್ಲಿ ಮೆಸ್ ನಡೆಸುತ್ತಿದ್ದರು. ಗಣಿಗೆ ಮೂರು ಶಿಫ್ಟ್. ಅತ್ತೆಗೆ ಒಂದೇ ಶಿಫ್ಟ್, ಅದು ಮುಗಿಯುತ್ತಲೇ ಇರಲಿಲ್ಲ. ಉಣ್ಣುವವರಿಗೆ ಬೆಂಚುಗಳಿದ್ದವು, ಅಡುಗೆಮನೆಯಲ್ಲಿ ಕುರ್ಚಿ ಇರಲಿಲ್ಲ. ಗಣಿ ನಿಂತು ಊರು ಖಾಲಿಯಾದ ಮೇಲೆ ಪಾತ್ರೆಗಳನ್ನು ಜೀಪಿಗೆ ಹೇರಿಕೊಂಡು ಕಳಸಕ್ಕೆ ಬಂದು, ಹೊರನಾಡಿನ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಊಟದ ಹೋಟೆಲ್ ತೆರೆದರು. ಇಲ್ಲಿಯೂ ಅಡುಗೆಮನೆಗೆ ಕುರ್ಚಿ ಬರಲಿಲ್ಲ. ಹದಿನೈದು ವರ್ಷದಿಂದ ನಾನು ಅವರ ಜೊತೆಗಿದ್ದೇನೆ. ಎಷ್ಟು ಹೊತ್ತಿಗೆ ಯಾರು ಬಂದರೂ ಅವರ ಬಾಯಿಂದ "ಊಟ ಇಲ್ಲ" ಎಂಬ ಮಾತು ಬಂದದ್ದನ್ನು ಕೇಳಿರಲಿಲ್ಲ.

ಕಳೆದ ವರ್ಷ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಹಾಗೆಯೇ ಗೋಡೆ ಹಿಡಿದುಕೊಂಡು ಕುಸಿದರು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೃದಯದ ತೊಂದರೆ ಎಂದರು. ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದರು:

"ಸುಸ್ತಾಗ್ತಿತ್ತಾ ಅಮ್ಮ?"

"ಇಲ್ಲ."

"ಮೆಟ್ಟಿಲು ಹತ್ತುವಾಗ?"

"ನನ್ನನ್ನ ಹೊತ್ತೂ ಹೊತ್ತೂ ಮೆಟ್ಟಿಲಿಗೆ ಆಗಿರ್ಬೋದು. ನಂಗಿಲ್ಲ."

ಡಾಕ್ಟರು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. ಮೂರು ತಿಂಗಳು ಒಲೆಯ ಮುಂದೆ ನಿಲ್ಲಬಾರದು, ಕೂತೇ ಇರಬೇಕು, ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದು ಮೆಲ್ಲಗೆ ಹೇಳಿದರು. ನನಗೆ ಇರುವುದು ಅವರೊಬ್ಬರೇ.

ಊರಿಗೆ ಬಂದವಳೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿದೆ. ನಾಲ್ಕನೆಯ ದಿನ ನೋಡುತ್ತೇನೆ, ಕುರ್ಚಿಯ ಮೇಲೆ ಈರುಳ್ಳಿ ಚೀಲ ಕೂತಿದೆ, ಅತ್ತೆ ಒಲೆಯ ಮುಂದೆ ನಿಂತಿದ್ದಾರೆ. ಕೇಳಿದರೆ, "ಪಾಪ, ಚೀಲಕ್ಕೆ ಸುಸ್ತಾಗಿತ್ತು" ಎಂದರು.

ಆಗ ನನಗೆ ನನ್ನ ಟ್ಯಾಬ್ ನೆನಪಾಯಿತು. ನಲವತ್ತೆರಡು ವರ್ಷದ ಹೋಟೆಲಿನ ಹೆಂಗಸು ಮಾಯಾಲೋಕದ ಯುದ್ಧದ ಆಟ ಆಡುತ್ತಾಳಾ ಎಂದು ಹುಬ್ಬೇರಿಸುವವರು ಏರಿಸಿಕೊಳ್ಳಲಿ. ಆಡುತ್ತೇನೆ, ಚೆನ್ನಾಗಿಯೇ ಆಡುತ್ತೇನೆ. ಅತ್ತೆಯ ಕೈಗೆ ಒಂದು ರಾಜ್ಯ ಕೊಟ್ಟು ಕೂರಿಸಿದೆ. ಒಂದು ಕೋಟೆ, ಒಂದು ಸೇತುವೆ, ಸೇತುವೆ ಕಾಯಲು ಗಡ್ಡದ ಕುಬ್ಜ. ಅತ್ತೆಗೆ ಅವನು ಬಹಳ ಇಷ್ಟವಾದ, ಯಾಕೆಂದರೆ ಅವನು ಯಾವಾಗಲೂ ನಿಂತೇ ಇರುತ್ತಾನೆ.

ಈ ಆಟದಲ್ಲಿ ಸರದಿ ಉಂಟು, ನಾವೊಮ್ಮೆ, ಶತ್ರು ಒಮ್ಮೆ. ಹೊಡೆದರೂ ಹೊಡೆಸಿಕೊಂಡರೂ ಸೈನಿಕನ ತಲೆಯ ಮೇಲೆ ಒಂದು ಬೆವರ ಹನಿ ಮೂಡುತ್ತದೆ. ಒಂದು ಹನಿಗೆ ಕೈ ಸ್ವಲ್ಪ ಸೋಲುತ್ತದೆ, ಎರಡಕ್ಕೆ ಬಲ ಅರ್ಧ, ಮೂರಾದರೆ ಮಗು ಊದಿದರೂ ಬೀಳುತ್ತಾನೆ. ಗಾಯ ಬೇರೆ, ಇದು ಬೇರೆ. ಗಾಯಕ್ಕೆ ಮದ್ದು ಹಚ್ಚುವ ಮುದುಕಿ ಇದ್ದಾಳೆ, ಹನಿಗೆ ಅವಳ ಹತ್ತಿರ ಮದ್ದಿಲ್ಲ. ಯಾರ ತಂಟೆಗೂ ಹೋಗದೆ, ಯಾರ ಕೈಗೂ ಸಿಗದೆ ಸುಮ್ಮನಿದ್ದರೆ ಸರದಿಗೊಂದು ಹನಿ ಹೋಗುತ್ತದೆ. ಸುಮ್ಮನಿರಿಸಲು ಒಂದು ಬಟನ್ ಕೊಟ್ಟಿದ್ದಾರೆ. ಅದರ ಮೇಲಿನ ಚಿತ್ರ ಯಾವುದು ಗೊತ್ತೇ? ಕುರ್ಚಿ!

ಮೊದಲ ದಿನವೇ ಜಗಳ ಶುರುವಾಯಿತು. ಶತ್ರು ಸಣ್ಣ ಸಣ್ಣ ಪಿಶಾಚಿಗಳನ್ನು ಒಂದೊಂದಾಗಿ ಸೇತುವೆಗೆ ಕಳಿಸಿದ. ಕುಬ್ಜ ಮೂರನ್ನು ಹೊಡೆದು ಹೊಳೆಗೆ ಎಸೆದ. ನಾಲ್ಕನೆಯದು ಎಲ್ಲಕ್ಕಿಂತ ಪೀಚು, ಬಂದು ಒಂದು ತಟ್ಟು ತಟ್ಟಿತು. ಕುಬ್ಜ ಸತ್ತ.

"ಇವನಿಗೆ ಎಂಥ ಆಯ್ತು? ಮೈಮೇಲೆ ಒಂದು ಗೀರೂ ಇಲ್ಲ."

"ಸುಸ್ತು ಅತ್ತೆ. ನೋಡಿ, ಮೂರು ಹನಿ ಆಗಿತ್ತು."

"ಮೂರು ಜನರನ್ನೂ ಗೆದ್ದಿದ್ದಾನೆ. ಗೆದ್ದವರಿಗೆ ಎಂಥ ಸುಸ್ತು ಮಾರಾಯ್ತಿ?"

"ಗೆಲ್ಲೋದೂ ಕೆಲಸವೇ ಅಲ್ವಾ?"

"ಹಂಗಾದ್ರೆ ಈ ಆಟ ಮಾಡಿದವನು ಸೋಮಾರಿ. ಒಂದು ದಿನ ನಮ್ಮ ರುಬ್ಬೋ ಕಲ್ಲಿನ ಮುಂದೆ ಕೂರಿಸ್ಬೇಕು ಅವನನ್ನ."

ಕುರ್ಚಿ ಬಟನ್ ಮುಟ್ಟುವುದಿಲ್ಲ ಎಂದು ಅಂದೇ ಶಪಥ ಮಾಡಿದರು. "ಸೋತರೆ ನಿಂತ್ಕೊಂಡೇ ಸೋಲಲಿ" ಎಂದರು. ಹಾಗೆಯೇ ಸೋತರು. ಹನ್ನೊಂದು ರಾಜ್ಯ ಕಳೆದುಕೊಂಡರು, ಒಮ್ಮೆಯೂ ಒಬ್ಬನನ್ನೂ ಕೂರಿಸಲಿಲ್ಲ. ಆ ಸಿಟ್ಟಿನಲ್ಲಿ ತಾವು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿಯೇ ಇದ್ದರು. ನನಗೆ ಬೇಕಿದ್ದದ್ದೂ ಅದೇ.

ಹನ್ನೆರಡನೆಯ ರಾಜ್ಯದಲ್ಲಿ ಅತ್ತೆಗೆ ಜ್ಞಾನೋದಯವಾಯಿತು. ಕನ್ನಡಕ ಒರೆಸಿಕೊಂಡು ಕುಬ್ಜನ ಮುಖವನ್ನು ಬಹಳ ಹೊತ್ತು ನೋಡಿ, "ಇದು ಸುಸ್ತಲ್ಲವೇ ಅಲ್ಲ. ಇವನಿಗೆ ಹಸಿವು. ಊಟದ ಬಟನ್ ಎಲ್ಲುಂಟು?" ಎಂದರು. ಇಲ್ಲ ಎಂದರೆ ಒಪ್ಪಲಿಲ್ಲ. ಇಷ್ಟು ಜನರನ್ನು ಕೆಲಸಕ್ಕೆ ಕರೆದವರು ಊಟ ಇಡದೇ ಇರುತ್ತಾರಾ? ಹುಡುಕಿ ಹುಡುಕಿ ಕೋಟೆಯ ಹಿಂದೆ ಒಂದು ಕಣಜ ಪತ್ತೆ ಮಾಡಿದರು. ಅದು ಬರೀ ಚಂದಕ್ಕೆ ಬರೆದ ಚಿತ್ರ. ಅತ್ತೆ ಇಡೀ ಸೈನ್ಯವನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ ಪಂಕ್ತಿಯಲ್ಲಿ ನಿಲ್ಲಿಸಿದರು. ಮೂರು ಸರದಿ ಯಾರೂ ಹೊಡೆಯಲಿಲ್ಲ, ಯಾರೂ ಹೊಡೆಸಿಕೊಳ್ಳಲಿಲ್ಲ. ನಿಯಮದ ಪ್ರಕಾರ ಹನಿಗಳು ಒಂದೊಂದಾಗಿ ಮಾಯವಾದವು.

"ನೋಡಿದ್ಯಾ? ಉಂಡರು, ಸರಿ ಹೋದರು. ಸುಸ್ತಂತೆ, ಸುಸ್ತು."

ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ. ಅಂದಿನಿಂದ ಅತ್ತೆ ಗೆಲ್ಲತೊಡಗಿದರು. ತಪಾಸಣೆಗೆ ಹೋದಾಗ ಡಾಕ್ಟರಿಗೂ ಈ ಸಂಶೋಧನೆಯನ್ನು ವಿವರಿಸಿ, ರೋಗಿಗಳಿಗೆ ಮಾತ್ರೆ ಬರೆಯುವ ಮೊದಲು ಉಂಡಿದ್ದಾರಾ ಕೇಳಿ ಎಂದು ಸಲಹೆ ಕೊಟ್ಟು ಬಂದರು. ಡಾಕ್ಟರು ತಲೆಯಾಡಿಸಿ, ಇನ್ನೂ ಒಂದು ತಿಂಗಳು ಕೂತಿರಲಿ ಎಂದು ನನಗೆ ಹೇಳಿದರು.

ಇತ್ತ ಹೋಟೆಲ್ ನನ್ನೊಬ್ಬಳ ಮೇಲೆ ಬಿತ್ತು. ಶಾಲೆಗಳಿಗೆ ರಜೆ, ಹೊರನಾಡಿಗೆ ಸಾಲು ಸಾಲು ಗಾಡಿಗಳು. ನನಗೇನೂ ಆಗಿರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು ಗಮನ ಬೇರೆ ಕಡೆ ಇದ್ದುದರಿಂದ. ಕೌಂಟರಿಗೆ ಒರಗಿ ನಿದ್ದೆ ಮಾಡಿದೆ ಎಂದು ಪಕ್ಕದ ಅಂಗಡಿಯವರು ಹೇಳುವುದು ಶುದ್ಧ ಸುಳ್ಳು, ಕಣ್ಣು ಮುಚ್ಚಿಕೊಂಡು ಮರುದಿನದ ಪಲ್ಯ ಯೋಚಿಸುತ್ತಿದ್ದೆ. ನಾನು ಯಾರ ಸೋದರಸೊಸೆ ಎಂಬುದನ್ನು ಜನ ಮರೆಯಬಾರದು.

ಒಂದು ಭಾನುವಾರ ಮಧ್ಯಾಹ್ನ ಬಸ್ಸೊಂದು ಬಂತು, ಉಣಿಸಿ ಕಳಿಸಿದೆ. ಎಲೆ ಎತ್ತುವಷ್ಟರಲ್ಲಿ ಇನ್ನೊಂದು ಬಂತು, ಉಣಿಸಿದೆ. ಮೂರನೆಯದನ್ನೂ ಉಣಿಸಿದೆ. ಅನ್ನ ಕಡಿಮೆ ಬೀಳಲಿಲ್ಲ, ಯಾರೂ ಗೊಣಗಲಿಲ್ಲ, ಗೆದ್ದೆ ಎಂದೇ ಲೆಕ್ಕ. ಅತ್ತೆಯ ಮಾತ್ರೆಯ ಹೊತ್ತು ಮೀರಿತ್ತು. ಓಡಿಹೋಗಿ ಅವರ ಮುಂದೆ ನಿಂತು ಕೈ ಚಾಚಿದೆ. ಅತ್ತೆ ನನ್ನ ಕೈ ನೋಡಿದರು. ಕೈಯಲ್ಲಿ ಇದ್ದದ್ದು ನೀರಿನ ಲೋಟವಲ್ಲ, ಸಾರಿನ ಸೌಟು.

ಅತ್ತೆ ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ನನ್ನ ತಲೆಯ ಮೇಲೆ ನೋಡಿದರು. ತುಟಿ ಅಲ್ಲಾಡಿಸಿ ಎಣಿಸಿದರು.

"ಮೂರು" ಎಂದರು.

ಟ್ಯಾಬನ್ನು ಕೆಳಗಿಟ್ಟು ಎದ್ದು, ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ತಾವು ಅಕ್ಕಿ ಚೀಲದ ಮೇಲೆ ಕೂತರು.

"ಕೂತ್ಕೋ."

"ನಂಗೆ ಸುಸ್ತಿಲ್ಲ ಅತ್ತೆ."

"ಗೊತ್ತು. ನಂಗೂ ಇರ್ಲಿಲ್ಲ."

ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಸೌಟು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಹೊರಗೆ ನಾಲ್ಕನೆಯ ಬಸ್ಸಿನ ಹಾರನ್ ಕೇಳಿತು. ಸಣ್ಣ ಬಸ್ಸು, ಇಪ್ಪತ್ತು ಜನ ಇರಬಹುದು. ನಾನು ಏಳಲು ಹೋದೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿ ಹಿಡಿದರು. ಡ್ರೈವರ್ ಬಾಗಿಲಿಗೆ ಬಂದು ಇಣುಕಿದ. ಎಷ್ಟೋ ವರ್ಷದಿಂದ ನಮ್ಮಲ್ಲಿ ಉಣ್ಣುವವನು.

"ಅಮ್ಮ, ಇಪ್ಪತ್ತು ಊಟ."

"ಊಟ ಇಲ್ಲ" ಎಂದರು ಅತ್ತೆ.

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಎಂಥ ಅಮ್ಮ, ನಿಮ್ಮಲ್ಲಿ ಊಟ ಇಲ್ವಾ?"

"ಇಲ್ಲ. ಹೊರನಾಡಲ್ಲಿ ಅಮ್ಮನವರಿದ್ದಾರೆ, ಊಟ ಹಾಕ್ತಾರೆ. ಈ ಶಿಫ್ಟ್ ಅವರದ್ದು."

ಡ್ರೈವರ್ ತಲೆ ಕೆರೆದುಕೊಂಡು ಹೋದ. ಬಸ್ಸು ಹೊರಟು ತಿರುವು ದಾಟುವವರೆಗೂ ಅತ್ತೆ ನನ್ನ ಮೊಣಕಾಲಿನಿಂದ ಕೈ ತೆಗೆಯಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಇಬ್ಬರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮತ್ತೊಮ್ಮೆ ನನ್ನ ತಲೆಯ ಮೇಲೆ ನೋಡಿದರು.

"ಒಂದು ಹೋಯ್ತು" ಎಂದರು. "ಇನ್ನೂ ಎರಡುಂಟು. ಏಳ್ಬೇಡ."