ಚಿಕ್ಕಮ್ಮನ ಹಾಡು, ನನ್ನ ಪಾಡು

ನಮ್ಮ ಚಿಕ್ಕಮ್ಮನಿಗೆ ಸಂಗೀತವೆಂದರೆ ಪ್ರಾಣ. ಅವರ ಪ್ರಾಣವಲ್ಲ, ನನ್ನದು!

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಇಡೀ ಆಯುಷ್ಯ ಲೆಕ್ಕ ಕಲಿಸಿ ನಿವೃತ್ತರಾದವರು ಅವರು. ಮದುವೆಯ ಗೊಡವೆಗೆ ಹೋಗಲಿಲ್ಲ. ತ್ಯಾಗರಾಜನಗರದ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಆದರೆ ಆ ಮನೆಯ ಮುಂದೆ ಹಾದುಹೋದರೆ ಒಳಗೆ ಮದುವೆಯ ಓಲಗ, ಕಾಲೇಜು ವಾರ್ಷಿಕೋತ್ಸವ, ಹರಿಕಥೆ ಮೂರೂ ಒಟ್ಟಿಗೆ ನಡೆಯುತ್ತಿವೆಯೆಂದು ನೀವು ಆಣೆಯಿಟ್ಟು ಹೇಳುತ್ತೀರಿ. ಅವರಿಗೆ ಸ್ಮಾರ್ಟ್ ಫೋನ್ ಕೊಡಿಸಿದವನು ನಾನೇ. ಯಾರನ್ನು ಬೈಯಲಿ ಹೇಳಿ?

ಬೆಳಗಿನ ಐದೂವರೆಗೆ ಮೊದಲ ಹಾಡು ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ಎಂಟು ಗಂಟೆಗೆ, ನಾನು ಇನ್ನೊಂದು ಕಾಲುಚೀಲ ಹುಡುಕುತ್ತ ಮಂಚದ ಕೆಳಗೆ ತಲೆ ತೂರಿಸಿರುವಾಗ, ಫೋನಿನಲ್ಲಿ ಪರೀಕ್ಷೆ.

"ಕೇಳಿದ್ಯಾ?"

"ಕೇಳಿದೆ ಚಿಕ್ಕಮ್ಮ. ತುಂಬಾ ಚೆನ್ನಾಗಿತ್ತು."

"ಎರಡನೇ ಚರಣಕ್ಕೆ ಮುಂಚೆ ಯಾವ ವಾದ್ಯ ಬಂತು?"

ಇಂಥ ಪ್ರಶ್ನೆಗಳಿಗೆ ನಾನು ಯಾವಾಗಲೂ ಕೊಳಲು ಎನ್ನುತ್ತೇನೆ. ನಮ್ಮ ದೇಶದಲ್ಲಿ ಹತ್ತರಲ್ಲಿ ನಾಲ್ಕು ಸಲ ಅದು ಕೊಳಲೇ ಆಗಿರುತ್ತದೆ. ಉಳಿದ ಆರು ಸಲ ಬೈಸಿಕೊಳ್ಳುತ್ತೇನೆ.

"ಕೊಳಲಂತೆ ಕೊಳಲು! ಮೊದಲಿಂದ ಕೊನೇವರ್ಗೂ ಬರೀ ತಮಟೆ ಇದೆ ಅದ್ರಲ್ಲಿ. ಸಂಜೆ ಇನ್ನೊಂದ್ಸಲ ಕೇಳ್ಬಿಟ್ಟು ಫೋನ್ ಮಾಡು."

ಬರೀ ಕೇಳುವುದಾಗಿದ್ದರೆ ಹೇಗೋ ಸಹಿಸಬಹುದಿತ್ತು. ಭಾನುವಾರ ಅವರ ಮನೆಯಲ್ಲಿ ಕೂತು ವಿಡಿಯೊ ನೋಡುವುದೂ ಇರುತ್ತದೆ. ಕನ್ನಡ, ತಮಿಳು, ಪಂಜಾಬಿ, ಕೊರಿಯಾದ ಹುಡುಗರ ಕುಣಿತ, ಯಾವುದಕ್ಕೂ ಭೇದವಿಲ್ಲ. ವಿಡಿಯೊ ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಮಂಜಿನ ಬೆಟ್ಟದ ಮೇಲೆ ತೆಳು ಸೀರೆಯಲ್ಲಿ ನಡುಗುತ್ತಿದ್ದ ನಾಯಕಿಯನ್ನು ನೋಡಿ ಒಮ್ಮೆ ಎದ್ದು ನಿಂತೇಬಿಟ್ಟರು.

"ಅವನು ನೋಡು, ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಮಫ್ಲರ್! ಪ್ರಾಣಾನೇ ಕೊಡ್ತೀನಿ ಅಂತ ಹಾಡ್ತಿದಾನೆ, ಮೊದ್ಲು ಮಫ್ಲರ್ ಕೊಡೋಕೇನು? ಹದಿನೆಂಟು ಮಾರ್ಕ್ಸ್. ಅದೂ ತಬಲದವನಿಗೋಸ್ಕರ."

ಅಷ್ಟಕ್ಕೇ ಬಿಡುವವರೇ? ವಿಡಿಯೊಗಳ ಕೆಳಗೆ ಅಭಿಪ್ರಾಯವನ್ನೂ ಬರೆಯುತ್ತಾರೆ. 'ಮಗು, ಕಟ್ಟಡದ ತುದಿಯಲ್ಲಿ ನಿಂತು ಹಾಡಬೇಡ. ತಾರಸ್ಥಾಯಿಗೆ ಹೋದಾಗ ಕಣ್ಣು ಮುಚ್ಚುತ್ತೀಯ, ಬಿದ್ದೀಯ. ಆಶೀರ್ವಾದಗಳು.' ಯಾವುದೋ ಊರಿನ ಹುಡುಗರು 'ಥ್ಯಾಂಕ್ಯೂ ಅಜ್ಜಿ' ಎಂದು ಉತ್ತರಿಸಿದ್ದರು. ಎಚ್ಚರಿಕೆ ಕೇಳಿದರಲ್ಲ ಎಂಬ ಸಂತೋಷಕ್ಕಿಂತ, ಅಜ್ಜಿ ಎಂದರಲ್ಲ ಎಂಬ ಸಿಟ್ಟೇ ಅವರಿಗೆ ಹೆಚ್ಚು; ಅದು ಒಂದು ವಾರವಿತ್ತು. ಆ ವಾರವೆಲ್ಲ ಅವರನ್ನು ಸಮಾಧಾನ ಮಾಡಿದವನು ಯಾರು? ನಾನೇ!

ಇನ್ನು ಆಟೋ ಪ್ರಸಂಗ. ಅಂಕ ಬರೆಯುವ ನೋಟ್‌ಬುಕ್ ಕೊಳ್ಳಲು ನನ್ನನ್ನು ಅವೆನ್ಯೂ ರಸ್ತೆಗೆ ಎಳೆದುಕೊಂಡು ಹೋಗಿದ್ದರು. ಬಿಸಿಲು, ನೂಕುನುಗ್ಗಲು, ನನಗೆ ಸೊಂಟನೋವು ಬೇರೆ. ವಾಪಸು ಬರುವಾಗ ಆಟೋದವನು ಒಂದು ಹಳೆಯ ಹಾಡು ಹಾಕಿದ. ಗಾಂಧಿ ಬಜಾರಿನಲ್ಲಿ ಇಳಿಯಬೇಕು, ಚಿಕ್ಕಮ್ಮ ಇಳಿಯಲೊಲ್ಲರು.

"ಅಮ್ಮಾ, ಹಿಂದೆ ಬಸ್ಸು ಹಾರ್ನ್ ಹೊಡೀತಿದೆ. ಇಳ್ಕೊಳಿ."

"ಇರಪ್ಪಾ, ಇನ್ನೊಂದು ಚರಣ ಇದೆ. ಅರ್ಧಕ್ಕೆ ಎದ್ದು ಹೋದ್ರೆ ಹಾಡಿದವರಿಗೆ ಬೇಜಾರಾಗಲ್ವಾ?"

ಹಾಡಿದವರು ಎಲ್ಲಿದ್ದಾರೋ! ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಸೋತ ಮುಖವನ್ನೇ ತೋರಿಸಿದೆ. ಅವನೂ ಅಭಿಮಾನಿಯೇ ಇರಬೇಕು, ಗೇರ್ ಹಾಕಿ ಇನ್ನೊಂದು ಸುತ್ತು ಹೊಡೆಸಿದ. ಇಬ್ಬರೂ ತಲೆದೂಗುತ್ತಿದ್ದರು. ನಾನು ಸೊಂಟ ಹಿಡಿದುಕೊಂಡು ಕೂತಿದ್ದೆ.

"ಚಿಕ್ಕಮ್ಮ, ನನಗೆ ಸುಸ್ತಾಗಿದೆ" ಎಂದು ಒಮ್ಮೆ ನೇರವಾಗಿಯೇ ಹೇಳಿ ನೋಡಿದ್ದೇನೆ.

"ಸುಸ್ತಾದವರಿಗೇ ಕಣೋ ಹಾಡಿರೋದು. ಆಗ್ದೇ ಇರೋರು ಕ್ರಿಕೆಟ್ ಆಡ್ಕೋತಾರೆ" ಎಂದರು. ಅಂಥವರೊಡನೆ ವಾದ ಮಾಡಲು ಆಗುತ್ತದೆಯೇ?

ಹೀಗಿರುವಾಗ ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ತೆಗೆದು ನೋಡಿದ ಮೇಲೆಯೇ ಏನನ್ನಾದರೂ ಹೇಳಬಹುದು ಎಂದರು ಡಾಕ್ಟರು. ಆಪರೇಷನ್ನಿನ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೆ. ಯಾರೂ ಬರುವುದು ಬೇಡ ಎಂದಿದ್ದರೂ ಚಿಕ್ಕಮ್ಮ ಬಂದರು. ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡೆ. ಇನ್ನು ಇಲ್ಲಿಯೂ ಶುರು!

ಶುರುವಾಗಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಅವರು ಫೋನನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಮೂರನೆಯ ಗಂಟೆಗೆ ಆಪರೇಷನ್ ಥಿಯೇಟರಿನ ಬಾಗಿಲಿನ ಮೇಲಿನ ಕೆಂಪು ದೀಪ ನೋಡಿ ನೋಡಿ ಸಾಕಾಗಿ, ಎದ್ದು ನಿಂತು ಮತ್ತೆ ಕೂತೆ. ಜೀವಮಾನದಲ್ಲಿ ಮೊದಲ ಬಾರಿಗೆ ನಾನಾಗಿಯೇ ಕೇಳಿದೆ.

"ಚಿಕ್ಕಮ್ಮ, ಮೆಲ್ಲಗೆ ಏನಾದ್ರೂ ಒಂದು ಹಾಡು ಹಾಕಿ. ಈ ನಿಶ್ಶಬ್ದ ತಡೆಯೋಕಾಗ್ತಿಲ್ಲ."

"ಬೇಡ."

"ಯಾಕೆ?"

"ಇಲ್ಲಿ ಕೇಳಿದ ಹಾಡು ಸಾಯೋವರ್ಗೂ ಇದೇ ಬಾಗಿಲ ಮುಂದೆ ತಂದು ಕೂರಿಸುತ್ತೆ ಕಣೋ. ನಮ್ಮಪ್ಪ ಹೋದ ದಿನ ಪಕ್ಕದ್ಮನೆ ರೇಡಿಯೋಲಿ ಒಂದು ಹಾಡು ಬರ್ತಿತ್ತು. ನನಗಾಗ ಹದಿನಾರು. ಅದನ್ನ ಹಾಡು ಅಂತ ಕೇಳೋಕೆ ಇವತ್ತಿಗೂ ಆಗಿಲ್ಲ. ನಿನಗೆ ಹಾಗೆ ಯಾವುದೂ ಕೆಡೋದು ಬೇಡ."

ಅಷ್ಟು ಹೇಳಿ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಗಡ್ಡೆ ಪೂರ್ತಿ ತೆಗೆದಿದ್ದೇವೆ, ನೋಡಿದರೆ ಭಯಪಡುವಂಥದ್ದೇನೂ ಅಲ್ಲ ಎಂದರು. (ಕೆಲವು ದಿನಗಳ ಮೇಲೆ ಬಂದ ಪರೀಕ್ಷೆಯ ವರದಿಯೂ ಅದನ್ನೇ ಹೇಳಿತು.) ನಾನು ಅಲ್ಲೇ ಗೋಡೆಗೊರಗಿ ಅತ್ತುಬಿಟ್ಟೆ. ಚಿಕ್ಕಮ್ಮ ನನ್ನನ್ನು ಕೆಳಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದರು. ಅರ್ಧ ಲೋಟ ಆದ ಮೇಲೆ ಜೀವ ಬಂತು. ಕೇಳಿದೆ.

"ತಾತ ಹೋದ ದಿನ ಬರ್ತಿತ್ತು ಅಂದ್ರಲ್ಲ, ಯಾವ ಹಾಡು ಚಿಕ್ಕಮ್ಮ ಅದು?"

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಹೇಳಲ್ಲ. ನಿಮ್ಮನೆಗೆ ಬಂದಾಗೆಲ್ಲ ಕೇಳಿದೀನಿ, ಸ್ನಾನ ಮಾಡೋವಾಗ ನೀನು ಅದನ್ನೇ ಗುನುಗ್ತೀಯ. ನಿನ್ನ ಬಾಯಲ್ಲಿ ಆದ್ರೂ ಅದು ಚೆನ್ನಾಗಿರ್ಲಿ."